ಡ್ರಿಲ್ಲಿಂಗ್ ಮಶೀನ್ ಮುಂದೆ ಗ್ಲೌಸ್ ಬೇಡ

ಸಂಪಾದಕರೇ,

ವರ್ಕ್‌ಶಾಪ್ ಸುರಕ್ಷತೆ ಬಗ್ಗೆ ನೀವು ಪ್ರಕಟಿಸಿದ ಲೇಖನ ಚೆನ್ನಾಗಿತ್ತು, ಅದರ ಜೊತೆಗಿದ್ದ ಫೋಟೋ ನೋಡಿ ಮಾತ್ರ ಸುಮ್ನಿರೋಕೆ ಆಗಲಿಲ್ಲ. ಡ್ರಿಲ್ಲಿಂಗ್ ಮಶೀನ್ ತಿರುಗುತ್ತಿದೆ. ಹುಡುಗ ದಪ್ಪ ಗ್ಲೌಸ್ ಹಾಕಿಕೊಂಡು ಒಂದು ಕೈಯಲ್ಲಿ ತಗಡನ್ನು ಒತ್ತಿ ಹಿಡಿದಿದ್ದಾನೆ, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಎಳೆಯುತ್ತಿದ್ದಾನೆ. ಗ್ಲೌಸೂ ತಪ್ಪು, ಕೈಯಲ್ಲಿ ಹಿಡಿದದ್ದೂ ತಪ್ಪು. ಇದನ್ನೇ ಸರಿಯಾದ ವಿಧಾನ ಅಂತ ಹೊಸಬರು ನಂಬಿಬಿಟ್ಟರೆ ಕಷ್ಟ ಅಲ್ವಾ?

ವೆಲ್ಡಿಂಗ್ ಮಾಡುವಾಗ, ತಗಡು ಎತ್ತಿ ಇಡುವಾಗ ಗ್ಲೌಸ್ ಬೇಕೇ ಬೇಕು. ತಿರುಗುವ ಬಿಟ್ (ತೂತು ಕೊರೆಯುವ ಮೊನೆ) ಹತ್ತಿರ ಅದು ಉಲ್ಟಾ ಹೊಡೆಯುತ್ತದೆ. ಬರಿಗೈ ತಗುಲಿದರೆ ಚರ್ಮ ಕೀಳಬಹುದು, ಹೊಲಿಗೆ ಬೀಳಬಹುದು. ಗ್ಲೌಸ್‌ನ ಒಂದೇ ಒಂದು ನೂಲು ಸಿಕ್ಕಿಕೊಂಡರೂ ಬಟ್ಟೆ ಸುತ್ತಿಕೊಳ್ಳುತ್ತದೆ, ಬಟ್ಟೆಯ ಹಿಂದೆಯೇ ಬೆರಳೂ ಹೋಗುತ್ತದೆ. ನಿಧಾನ ಅಂತ ಕಾಣುವ 600 ಆರ್‌ಪಿಎಂನಲ್ಲೂ (ನಿಮಿಷಕ್ಕೆ 600 ಸುತ್ತು) ಬಿಟ್ ತಿರುಗಿಸುವ ಸ್ಪಿಂಡಲ್ ಸೆಕೆಂಡಿಗೆ 10 ಸುತ್ತು ಹಾಕುತ್ತದೆ, ಕೈ ಎಳೆದುಕೊಳ್ಳಬೇಕು ಅಂತ ಹೊಳೆಯುವಷ್ಟರಲ್ಲಿ ಎರಡು ಮೂರು ಸುತ್ತು ಮುಗಿದಿರುತ್ತದೆ. ಸಡಿಲ ತೋಳು, ದುಪಟ್ಟಾ, ಕೊರಳಿನ ಐಡಿ ಕಾರ್ಡ್ ದಾರ, ಉಂಗುರ, ಬಿಟ್ಟ ಕೂದಲು ಎಲ್ಲದಕ್ಕೂ ಇದೇ ಮಾತು. ಕಣ್ಣು ಕಾಯುವ ಸೇಫ್ಟಿ ಕನ್ನಡಕ ಮಾತ್ರ ಹಾಕದೆ ಬಿಡಬೇಡಿ.

ಇನ್ನು ಕೈಯಲ್ಲಿ ಹಿಡಿಯೋದು. ಬಿಟ್ ಲೋಹದೊಳಗೆ ಇಳಿಯುವಷ್ಟು ಹೊತ್ತು ಏನೂ ಆಗುವುದಿಲ್ಲ, ಅದಕ್ಕೇ ಜನಕ್ಕೆ ಧೈರ್ಯ ಜಾಸ್ತಿ. ಅಪಾಯ ಇರುವುದು ಬಿಟ್ ಆಚೆ ಬದಿಗೆ ತೂರುವ ಕೊನೆಯ ಒಂದೆರಡು ಮಿಲಿಮೀಟರಿನಲ್ಲಿ. ತುದಿ ಆಚೆ ಬಂದ ಮೇಲೆ ಕೊರೆಯಲು ಉಳಿದಿರುವುದು ತೆಳ್ಳಗಿನ ಅಂಚು, ಆದರೆ ಹ್ಯಾಂಡಲ್ ಮೇಲಿನ ಒತ್ತಡ ಮೊದಲಿನಷ್ಟೇ ಇರುತ್ತದೆ. ಬಿಟ್ ಫಕ್ಕನೆ ನುಗ್ಗಿ ಆ ಅಂಚನ್ನು ಕಚ್ಚುತ್ತದೆ, ತಗಡು ಬಿಟ್ ಮೇಲಕ್ಕೆ ಹತ್ತಿ ಫ್ಯಾನ್ ರೆಕ್ಕೆ ಹಾಗೆ ಸುತ್ತುತ್ತದೆ. ಎಷ್ಟೇ ಗಟ್ಟಿ ಕೈಯಾದರೂ ಮೋಟಾರಿನ ಮುಂದೆ ನಿಲ್ಲುವುದಿಲ್ಲ. ಹಿತ್ತಾಳೆ ಇನ್ನೂ ಮೋಸ, ಸ್ಟೀಲಿಗೆ ಅಂತ ಮಸೆದ ಚೂಪು ಬಿಟ್ ಅದರೊಳಗೆ ತಾನೇ ಎಳೆದುಕೊಂಡು ಹೋಗುತ್ತದೆ.

ಹಾಗಾಗಿ ಜಾಬನ್ನು (ಕೊರೆಯಬೇಕಾದ ತುಂಡು) ವೈಸ್‌ನಲ್ಲಿ (ತಿರುಪು ಬಿಗಿದು ಹಿಡಿಯುವ ಇಕ್ಕಳ) ಕಚ್ಚಿಸಿ, ವೈಸನ್ನು ಟೇಬಲ್ಲಿಗೆ ಬೋಲ್ಟ್ ಮಾಡಿ. ತೆಳು ತಗಡಾದರೆ ಕೆಳಗೆ ಮರದ ತುಂಡಿಟ್ಟು ಎರಡನ್ನೂ ಸೇರಿಸಿ ಕ್ಲ್ಯಾಂಪ್ ಹಾಕಿ. ಉದ್ದನೆಯ ಪಟ್ಟಿ ಇದ್ದರೆ ಕ್ಲ್ಯಾಂಪ್ ಹಾಕುವಾಗಲೇ ಅದರ ಉದ್ದದ ಭಾಗ ನಿಮ್ಮ ಎಡಕ್ಕೆ ಬಂದು ಕಾಲಂನ (ಮಶೀನಿನ ಹಿಂದಿನ ಕಂಬ) ಎಡಬದಿಗೆ ತಾಗುವ ಹಾಗೆ ಇಡಿ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಕ್ಲ್ಯಾಂಪ್ ಜಾರಿದರೂ ಪಟ್ಟಿ ನಿಮ್ಮ ಹೊಟ್ಟೆಗೆ ಬರದೆ ಕಾಲಂಗೆ ಒರಗಿ ನಿಲ್ಲುತ್ತದೆ. ತೂತು ಬೀಳುವ ಹೊತ್ತಿಗೆ ಹ್ಯಾಂಡಲ್ ಹಗುರ ಮಾಡಿ. ಅಷ್ಟಾಗಿಯೂ ಜಾಬ್ ಬಿಡಿಸಿಕೊಂಡು ತಿರುಗತೊಡಗಿದರೆ ಹಿಡಿಯಲು ಹೋಗಬೇಡಿ, ಸ್ವಿಚ್ ಆಫ್ ಮಾಡಿ ಹಿಂದೆ ಸರಿಯಿರಿ.

ಸ್ಪೀಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡ ಬಿಟ್‌ಗೆ ಕಡಿಮೆ ಸ್ಪೀಡ್. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್‌ನಲ್ಲಿ ಮೈಲ್ಡ್ ಸ್ಟೀಲ್ (ಸಾಧಾರಣ ಮೆದು ಉಕ್ಕು) ಕೊರೆಯಲು 10 ಮಿ.ಮೀ.ಗೆ ಸುಮಾರು 800 ಆರ್‌ಪಿಎಂ, 20ಕ್ಕೆ ಅದರ ಅರ್ಧ. ಸ್ಪೀಡ್ ಬದಲಿಸಲು ಬೆಲ್ಟ್ ಸರಿಸುವ ಮೊದಲು ಪ್ಲಗ್ ಕಿತ್ತುಬಿಡಿ.

ಸುರುಳಿ ಸುರುಳಿಯಾಗಿ ಬರುವ ಲೋಹದ ಚಿಪ್ಸ್ ನೋಡೋಕೆ ಚೆಂದ, ಅಂಚು ಬ್ಲೇಡಿನಷ್ಟೇ ಚೂಪು. ಮಶೀನ್ ನಿಲ್ಲಿಸಿ ಬ್ರಷ್‌ನಲ್ಲಿ ತೆಗೆಯಿರಿ, ಕೈಯೂ ಬೇಡ ಬಟ್ಟೆಯೂ ಬೇಡ. ಹ್ಯಾಂಡಲನ್ನು ಆಗಾಗ ಸ್ವಲ್ಪ ಸಡಿಲ ಬಿಟ್ಟರೆ ಅವು ಉದ್ದ ಬೆಳೆಯದೆ ತುಂಡಾಗುತ್ತವೆ. ಬಿಟ್ ಹಿಡಿಯುವ ಚಕ್ಕನ್ನು ಬಿಗಿಯುವ ಚಕ್ ಕೀಯನ್ನು ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕಿದರೆ ಅದು ಎಲ್ಲಿಗೆ ಹಾರುತ್ತದೋ ಹೇಳಲಾಗದು. ಕೈ ಬಿಟ್ಟ ಕೂಡಲೇ ತಾನೇ ಹೊರಬರುವ ಸ್ಪ್ರಿಂಗ್ ಇರುವ ಕೀ ಸಿಗುತ್ತದೆ, ಅದನ್ನೇ ಇಟ್ಟುಕೊಳ್ಳಿ.

ಕೊನೆಗೆ, ನಿಮ್ಮ ಲೇಖನದಲ್ಲಿ ಬಿಟ್ಟುಹೋದ ಒಂದು ವಿಷಯ. ಕೊರೆಯುತ್ತಿರುವಾಗ ಕರೆಂಟ್ ಹೋಯಿತು ಅನ್ನಿ. ಏನಾಯಿತು ನೋಡೋಣ ಅಂತ ಬಿಟ್ ಹತ್ತಿರ ಕೈ ಹಾಕಿದ್ದೀರಿ, ಅಷ್ಟರಲ್ಲಿ ಕರೆಂಟ್ ಬಂತು. ಸಾಧಾರಣ ಸ್ವಿಚ್ ಆದರೆ ಮಶೀನ್ ತಾನಾಗೇ ಶುರುವಾಗುತ್ತದೆ. ನೋ ವೋಲ್ಟ್ ಸ್ವಿಚ್ ಇದ್ದರೆ ಹಸಿರು ಬಟನ್ ಮತ್ತೆ ಒತ್ತುವ ತನಕ ಅಲ್ಲಾಡುವುದಿಲ್ಲ. ಹಳೇ ಮಶೀನಿಗೂ ಅದನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿಕೊಳ್ಳಬಹುದು.

– ಒಬ್ಬ ಫಿಟ್ಟರ್