ನಿನ್ನ ಕವರ್ ಮಾಡಿದ ಉಪಕಾರ

ಆಗಸ್ಟ್ 27

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ತಡವಾಯಿತು ಅಂತ ಬೈಯಬೇಡ. ಕಾಗದ ಓದಿದ್ದಕ್ಕಿಂತ ಅದರ ಕವರ್ ಹಿಡಿದುಕೊಂಡು ಓಡಾಡಿದ್ದೇ ಜಾಸ್ತಿ.

ಆಗಿದ್ದು ಇಷ್ಟು. ಇಲ್ಲಿ ಅಮೆರಿಕದಲ್ಲಿ ಮಗನ ಮನೆಯಿಂದ ಹತ್ತು ನಿಮಿಷ ನಡೆದರೆ ಊರಿನ ಲೈಬ್ರರಿ. ಒಳಗೆ ಹೋಗಿ ಕೂತು ಓದಲು ಯಾರ ಅಪ್ಪಣೆಯೂ ಬೇಡ. ಪುಸ್ತಕ ಮನೆಗೆ ತರಬೇಕಾದರೆ ಮಾತ್ರ ಕಾರ್ಡ್ ಬೇಕು. ಕಾರ್ಡಿಗೆ ದುಡ್ಡಿಲ್ಲ, ಆದರೆ ಈ ಊರಲ್ಲೇ ಇದ್ದೇನೆ ಅನ್ನುವುದಕ್ಕೆ ಏನಾದರೂ ದಾಖಲೆ ತೋರಿಸಬೇಕು. ನನ್ನ ಹತ್ತಿರ ಏನಿದೆ ಹೇಳು? ಮನೆ ಮಗನದು, ಕರೆಂಟ್ ಬಿಲ್ ಮಗನದು, ಫೋನೂ ಅವನದೇ. ಆರು ತಿಂಗಳಿಗೆ ಬಂದ ನೆಂಟರ ಹೆಸರಿಗೆ ಯಾವ ಬಿಲ್ಲೂ ಬರುವುದಿಲ್ಲ ಅಲ್ವಾ. ಕೌಂಟರಿನಲ್ಲಿದ್ದ ಹೆಂಗಸು ಸ್ವಲ್ಪ ಯೋಚನೆ ಮಾಡಿ, "ನಿಮ್ಮ ಹೆಸರಿಗೆ ಅಂಚೆಯಲ್ಲಿ ಏನಾದರೂ ಬಂದಿದೆಯಾ?" ಅಂದರು. ಬಂದಿತ್ತಲ್ಲ! ಮನೆಗೆ ಹೋಗಿ ನಿನ್ನ ಕವರ್ ತಂದೆ. ಹೆಸರಿನ ಹಿಂದೆ 'ಶ್ರೀಮತಿ' ಸೇರಿಸಿ, ಸ್ಕೇಲ್ ಇಟ್ಟು ಗೆರೆ ಎಳೆದು, ಪೆನ್ಸಿಲ್ ಗೆರೆ ಅಳಿಸುವುದನ್ನು ಮರೆತು ನೀನು ಬರೆದ ವಿಳಾಸ. ಅವರು ಅಂಚೆ ಮುದ್ರೆ ನೋಡಿದರು, ಸ್ಟಾಂಪ್ ನೋಡಿದರು, ಸ್ಟಾಂಪನ್ನು ಇನ್ನೊಮ್ಮೆ ಹತ್ತಿರ ಹಿಡಿದು ನೋಡಿದರು. ಕಾರ್ಡ್ ಕೊಟ್ಟರು. ಚಿಕ್ಕಂದಿನಲ್ಲಿ ನಿನ್ನ ಅಕ್ಷರಕ್ಕೆ ಎಷ್ಟು ಬೈದಿದ್ದೇನೋ, ಎಲ್ಲ ವಾಪಸ್ ತಗೊಂಡೆ.

ನಿಮ್ಮ ಭಾವನಿಗೆ ಯಾರೂ ಕಾಗದ ಬರೆಯುವುದಿಲ್ಲ. ಹಾಗಾಗಿ ಅವರಿಗೆ ಕಾರ್ಡ್ ಇಲ್ಲ. ಏನು ಬೇಕಾದರೂ ನನ್ನ ಕಾರ್ಡಿನಲ್ಲೇ ತರಿಸಿಕೊಳ್ಳಬೇಕು. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ವಿಷಯದಲ್ಲಾದರೂ ನನ್ನನ್ನು ಕೇಳಿ ಮಾಡುವ ಹಾಗಾಗಿದೆ. ಅವರು ಅಲ್ಲಿ ಹೋಗಿ ಪೇಪರ್ ಓದುವ ಮೂಲೆಯಲ್ಲಿ ಕೂರುತ್ತಾರೆ. ಅರ್ಧ ಗಂಟೆ ಓದು, ಒಂದು ಗಂಟೆ ನಿದ್ದೆ. ಯಾರೂ ಎಬ್ಬಿಸುವುದಿಲ್ಲ. ಒಮ್ಮೆ ಅವರ ಪುಸ್ತಕ ವಾಪಸ್ ಕೊಡುವುದು ಎಂಟು ದಿನ ತಡವಾಯಿತು. ದಂಡ ಎಷ್ಟು ಅಂತ ಹೆದರುತ್ತ ಕೇಳಿದೆ. ಇಲ್ಲವೇ ಇಲ್ಲವಂತೆ! ಶಿಕಾಗೋ ನಗರದ ಲೈಬ್ರರಿ 2019ರಲ್ಲಿ ದಂಡ ಹಾಕುವುದನ್ನು ನಿಲ್ಲಿಸಿತು. ನಿಲ್ಲಿಸಿದ ಮೇಲೆ ಜನ ಅಟ್ಟದಲ್ಲಿ ಬಚ್ಚಿಟ್ಟಿದ್ದ ಹಳೇ ಪುಸ್ತಕಗಳನ್ನೆಲ್ಲ ತಂದು ಕೊಟ್ಟರಂತೆ. ದಂಡಕ್ಕೆ ಹೆದರಿಯೇ ಇಟ್ಟುಕೊಂಡಿದ್ದರು ಪಾಪ.

ಇನ್ನು ನನ್ನ ದಿನಚರಿ. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಇದೆ. ಪ್ರತಿ ತಿಂಗಳ ಕೊನೆಗೆ ಲೈಬ್ರರಿಯವರು ಮುಂದಿನ ತಿಂಗಳ ಕಾರ್ಯಕ್ರಮಗಳನ್ನೆಲ್ಲ ಅಚ್ಚು ಹಾಕಿ ಬಾಗಿಲಲ್ಲಿ ಇಟ್ಟಿರುತ್ತಾರೆ. ಮುಂಭಾಗದಲ್ಲಿ ಕ್ಯಾಲೆಂಡರ್, ಹಿಂಭಾಗದಲ್ಲಿ ಸುದ್ದಿ. ಯಾವ ದಿನ ರಜೆ, ಹೊಸದಾಗಿ ಏನು ಬಂದಿದೆ, ಲಿಫ್ಟ್ ಯಾವಾಗ ರಿಪೇರಿ, ಎಲ್ಲ. ಮನೆಯಲ್ಲಿ ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಅದರ ಮೇಲೆ ಗುರುತು ಹಾಕುತ್ತೇವೆ. ಮೊಮ್ಮಗನದು ನೀಲಿ, ಸೊಸೆಯದು ಹಸಿರು, ನನ್ನದು ಕೆಂಪು. ಕೆಂಪೇ ಜಾಸ್ತಿ ಅಂತ ಮಗ ಆಡಿಕೊಳ್ಳುತ್ತಾನೆ.

ಮೊದಮೊದಲು ಎಡವಟ್ಟಾಯಿತು. ನೋಟಿಸ್ ಬೋರ್ಡಿನಲ್ಲಿ ಹೆಣಿಗೆ ಗುಂಪು 7/8ಕ್ಕೆ ಅಂತ ಹಾಕಿದ್ದರು. ನಾನು ಆಗಸ್ಟ್ 7 ಅಂದುಕೊಂಡು ನಿಧಾನವಾಗಿದ್ದೆ. ಇವರು ತಿಂಗಳನ್ನು ಮೊದಲು ಬರೆದು ಆಮೇಲೆ ದಿನ ಬರೆಯುತ್ತಾರೆ! ಅದು ಜುಲೈ 8. ಆಗಸ್ಟ್ 7ಕ್ಕೆ ಉಲ್ಲನ್ ಉಂಡೆ ಹಿಡಿದು ಹೋದರೆ ಆ ಕೋಣೆಯಲ್ಲಿ ಹತ್ತು ಹದಿನೈದು ಜನ ಚೆಸ್ ಆಡುತ್ತ ಕೂತಿದ್ದಾರೆ. ಒಬ್ಬ ಹುಡುಗ ಎದ್ದು ಕುರ್ಚಿ ಕೊಟ್ಟ. ಹೊರಗೆ ಬರಲು ನಾಚಿಕೆಯಾಗಿ, ಪೂರ್ತಿ ಒಂದು ಆಟ ನೋಡಿ ಬಂದೆ. ಏನೂ ಅರ್ಥವಾಗಲಿಲ್ಲ. ಕಾಲುಚೀಲ ಮಾತ್ರ ಮೂರು ಬೆರಳು ಉದ್ದವಾಯಿತು.

ಎಲ್ಲವನ್ನೂ ಬರೆದರೆ ನಿನಗೆ ಬೇಜಾರಾಗುತ್ತದೆ. ಫೋನ್ ಬಳಸುವುದು ಹೇಳಿಕೊಡುವ ದಿನ, ಹಳೇ ಪುಸ್ತಕ ಮಾರುವ ದಿನ, ಇಂಗ್ಲಿಷ್ ಮಾತಾಡಿ ರೂಢಿ ಮಾಡಿಕೊಳ್ಳುವ ಗುಂಪು. ಈ ಗುಂಪಿಗೆ ವಾರ ವಾರ ಹೋಗುತ್ತೇನೆ. ಅಲ್ಲಿ ಉಕ್ರೇನಿನಿಂದ ಬಂದ ಒಬ್ಬ ಹೆಂಗಸು ಗೆಳತಿಯಾಗಿದ್ದಾಳೆ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ, ಅವಳದೂ ಅಷ್ಟಕ್ಕಷ್ಟೆ, ಅದಕ್ಕೇ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತದೆ.

ನಾಯಿಯ ವಿಷಯ ಮಾತ್ರ ಹೇಳಲೇಬೇಕು. ತಿಂಗಳಿಗೊಮ್ಮೆ ಮಕ್ಕಳು ನಾಯಿಗೆ ಪುಸ್ತಕ ಓದಿ ಹೇಳುತ್ತಾರೆ. ನಗಬೇಡ ಕಣೆ, ನಿಜ. 1999ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಶುರುವಾಗಿದ್ದಂತೆ, ಈಗ ಎಷ್ಟೋ ಊರುಗಳಲ್ಲಿ ಇದೆ. ಅದಕ್ಕೆಂದೇ ಪಳಗಿಸಿದ ಸಾಧು ನಾಯಿಗಳು. ನಮ್ಮ ಮೊಮ್ಮಗ ಗಟ್ಟಿಯಾಗಿ ಓದುವುದಕ್ಕೆ ಹಿಂಜರಿಯುತ್ತಾನೆ ಅಂತ ಹಿಂದೆ ಬರೆದಿದ್ದೆನಲ್ಲ. ಒಂದು ಪದ ತಡವರಿಸಿದರೆ ಅವರಮ್ಮ ತಿದ್ದುತ್ತಾಳೆ, ಅವನು ಬಾಯಿ ಮುಚ್ಚುತ್ತಾನೆ. ಅವನನ್ನು ಕರೆದುಕೊಂಡು ಹೋದೆ. ಕಂದು ಬಣ್ಣದ ಮುದಿ ನಾಯಿ, ಮೂತಿಯೆಲ್ಲ ಬೆಳ್ಳಗಾಗಿದೆ, ಚಾಪೆಯ ಮೇಲೆ ಕಾಲು ಚಾಚಿ ಮಲಗಿತ್ತು. ಇವನು ಅದರ ಹೊಟ್ಟೆಗೆ ಬೆನ್ನು ಕೊಟ್ಟು ಕೂತು ಶುರು ಮಾಡಿದ. ಮೂರನೇ ಸಾಲಿಗೇ ತೊಡರಿದ. ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅವನು ಅದೇ ಪದವನ್ನು ನಾಲ್ಕು ಸಲ ಹೇಳಿ ನೋಡಿ, ಐದನೇ ಸಲಕ್ಕೆ ಸರಿ ಮಾಡಿಕೊಂಡು ಮುಂದೆ ಹೋದ. ಪುಟ ತಿರುಗಿಸುವಾಗ ಸುಮ್ಮನಾದರೆ ನಾಯಿ ಒಂದು ಕಣ್ಣು ತೆರೆಯುತ್ತಿತ್ತು. ಅಷ್ಟೇ ಅದರ ಕೆಲಸ. ಹದಿನೈದು ನಿಮಿಷ ಓದಿದ ಪುಟ್ಟಿ! ಮೂವತ್ತೊಂದು ವರ್ಷ ಟೀಚರ್ ಆಗಿದ್ದವಳು ನಾನು. ಓದುವ ಮಗುವಿನ ಬಾಯಿಂದ ಪದ ಬೀಳುವ ಮೊದಲೇ ತಿದ್ದುತ್ತಿದ್ದೆ. ಅವತ್ತು ಮನೆಗೆ ಬರುವಾಗ ದಾರಿಯಲ್ಲಿ ಯಾಕೋ ಮಾತೇ ಬರಲಿಲ್ಲ.

ನಿನಗೆ ಇಷ್ಟವಾಗುವ ಇನ್ನೊಂದು. ಹಿಂದೆ ಪುಸ್ತಕ ಹುಡುಕಲು ಚೀಟಿಗಳನ್ನು ಇಡುತ್ತಿದ್ದ ಸಣ್ಣ ಸಣ್ಣ ಡ್ರಾಯರಿನ ಮರದ ಬೀರು ಇತ್ತಲ್ಲ, ಎಲ್ಲ ಕಂಪ್ಯೂಟರಿಗೆ ಹೋದ ಮೇಲೆ ಅದು ಖಾಲಿ. ಇಲ್ಲಿ ಅದರಲ್ಲಿ ಬೀಜದ ಪೊಟ್ಟಣ ಇಟ್ಟಿದ್ದಾರೆ. ಬೇಕಾದವರು ತಗೊಂಡು ಹೋಗಿ ಬಿತ್ತಬಹುದು. ಬೆಳೆದರೆ ಅದರ ಬೀಜ ತಂದು ವಾಪಸ್ ಇಡಬೇಕು. ಪುಸ್ತಕದ ಹಾಗೆಯೇ ಎರವಲು. ಹಿತ್ತಾಳೆ ಚೌಕಟ್ಟಿನಲ್ಲಿ ಮೊದಲು ಲೇಖಕರ ಹೆಸರಿನ ಅಕ್ಷರ ಇದ್ದ ಕಡೆ ಈಗ ಹೂವಿನ ಹೆಸರು. ನಾನು ಚೆಂಡು ಹೂವಿನದು ತಂದು ಹಿತ್ತಲಲ್ಲಿ ಹಾಕಿದೆ, ಮೊಗ್ಗು ಬಿಟ್ಟಿದೆ. ಬೀಜ ಒಣಗುವಷ್ಟರಲ್ಲಿ ನಾವು ಹೊರಟಿರುತ್ತೇವೋ ಏನೋ. ಮೊದಲ ಸಲ ಸಾಲಗಾರಳಾಗಿ ಬರುತ್ತೇನೆ ಅನ್ನಿಸುತ್ತದೆ.

ಕಟ್ಟಡ ಹಳೆಯದು. ಎತ್ತರದ ಮೆಟ್ಟಿಲು, ಇಟ್ಟಿಗೆ ಗೋಡೆ. ಉಕ್ಕಿನ ವ್ಯಾಪಾರದಲ್ಲಿ ಸಿರಿವಂತನಾದ ಆಂಡ್ರೂ ಕಾರ್ನೆಗಿ ಕೊಟ್ಟ ದುಡ್ಡಿನಲ್ಲಿ ಕಟ್ಟಿದ್ದು. ಅಮೆರಿಕದಲ್ಲೇ 1,600ಕ್ಕೂ ಹೆಚ್ಚು ಲೈಬ್ರರಿ ಕಟ್ಟಿಸಿದನಂತೆ. ಬಡ ಹುಡುಗನಾಗಿದ್ದಾಗ ಕರ್ನಲ್ ಆಂಡರ್ಸನ್ ಅನ್ನುವವರು ಕೆಲಸಕ್ಕೆ ಹೋಗುವ ಹುಡುಗರಿಗೆ ಶನಿವಾರ ತಮ್ಮ ಮನೆಯ ಪುಸ್ತಕ ಕೊಡುತ್ತಿದ್ದರು, ಆ ಋಣ. ಆದರೆ ಅವನ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿಯುತ್ತಿದ್ದವರಿಗೆ ಓದಲು ಪುರುಸೊತ್ತು ಎಲ್ಲಿತ್ತೋ, ಅದನ್ನು ಯಾವ ಫಲಕದಲ್ಲೂ ಬರೆದಿಲ್ಲ. ಒಂದು ಷರತ್ತು ಮಾತ್ರ ಜಾಣತನದ್ದು. ಕಟ್ಟಡಕ್ಕೆ ನಾನು ಕೊಡುತ್ತೇನೆ, ಜಾಗ ಊರಿನದು, ಮತ್ತೆ ಕೊಟ್ಟ ಮೊತ್ತದ ಹತ್ತನೇ ಒಂದು ಭಾಗವನ್ನು ವರ್ಷ ವರ್ಷ ಊರವರೇ ನಡೆಸುವುದಕ್ಕೆ ಹಾಕಬೇಕು.

ಈಗಲೂ ಹಾಗೇ, ಊರಿನ ತೆರಿಗೆಯಿಂದ ನಡೆಯುತ್ತದೆ. ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಸಭೆ. ಯಾರು ಬೇಕಾದರೂ ಹೋಗಿ ಕೂರಬಹುದು ಅಂತ ಹಾಳೆಯಲ್ಲೇ ಹಾಕಿದ್ದರು. ಸುಮ್ನೆ ಕುತೂಹಲಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸೂರು ಸೋರುವುದರ ಬಗ್ಗೆ ಐವತ್ತು ನಿಮಿಷ! ಶುಕ್ರವಾರ ಸಂಜೆ ಒಂದು ಗಂಟೆ ಹೆಚ್ಚು ತೆರೆದಿಡಬೇಕಾ ಬೇಡವಾ ಅಂತ ಇನ್ನರ್ಧ ಗಂಟೆ. ಒಬ್ಬ ಅಜ್ಜ ಎದ್ದು ಶೌಚಾಲಯದ ದೀಪ ಮೂರು ತಿಂಗಳಿಂದ ಮಿಣುಕುತ್ತಿದೆ ಅಂದ. ಅದನ್ನೂ ಬರೆದುಕೊಂಡರು. ಅಲ್ಲಿ ಕೂತಾಗ ನಿನ್ನ ನೆನಪಾಯಿತು. ಮನೆ ಕಂದಾಯ ಕಟ್ಟುವಾಗ ರಸೀದಿಯಲ್ಲಿ 'ಗ್ರಂಥಾಲಯ ಕರ' ಅಂತ ಒಂದು ಸಾಲು ಇರುತ್ತದೆ, ಯಾಕೆ ಅಂತ ಗೊಣಗುತ್ತೀಯಲ್ಲ, ಅದು ಇದೇ. 1965ರ ಕಾಯಿದೆಯಿಂದ ಬಂದದ್ದು. ಕಟ್ಟುವುದು ಕಟ್ಟುತ್ತೀಯ, ಒಮ್ಮೆ ಹೋಗಿ ನೋಡಿ ಬಾ. ಬಲ್ಬ್ ಮಿಣುಕುತ್ತಿದ್ದರೆ ಹೇಳು.

ಕನ್ನಡ ಪುಸ್ತಕ ಇಲ್ಲಿ ಒಂದೂ ಇರಲಿಲ್ಲ. ಕೇಳಿದರೆ ಬೇರೆ ಊರಿನ ದೊಡ್ಡ ಲೈಬ್ರರಿಯಿಂದ ತರಿಸಿಕೊಡುತ್ತೇವೆ ಅಂದರು. ಮೂರು ವಾರಕ್ಕೆ ಬಂತು. ಬೆನ್ನಿನ ಮೇಲೆ ಚೀಟಿ, 894.814. ನಮ್ಮ ಸಾಹಿತ್ಯಕ್ಕೂ ಒಂದು ನಂಬರ್ ಇದೆ ಕಣೆ! ಡ್ಯೂಯಿ ಅನ್ನುವವನು 1876ರಲ್ಲಿ ಜಗತ್ತಿನ ವಿಷಯಗಳನ್ನೆಲ್ಲ ಹತ್ತು ಭಾಗ ಮಾಡಿ ನಂಬರ್ ಕೊಟ್ಟನಂತೆ. ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ ಶುರುವಾಗಿ ಉದ್ದಕ್ಕೂ ಜಾಗ. ನಾವು ಚುಕ್ಕಿ ದಾಟಿದ ಮೇಲೆ, ಬಸ್ಸಿನ ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತ ಹಾಗೆ. ನಮ್ಮ ಪಕ್ಕದಲ್ಲೇ ತಮಿಳಿನವರು, 894.811.

ಇದನ್ನು ಕೌಂಟರಿನ ಹೆಂಗಸಿಗೆ ಹೇಳಿ ನಕ್ಕಾಗ ಅವರು ಕೇಳಿದ್ದು ಏನು ಗೊತ್ತಾ? "ನೀವು ರಂಗನಾಥನ್ ಅವರ ಬೆಂಗಳೂರಿನ ಕಡೆಯವರಾ?" ನನಗೆ ಯಾವ ರಂಗನಾಥನ್ ಅಂತಲೇ ಹೊಳೆಯಲಿಲ್ಲ. ಎಸ್. ಆರ್. ರಂಗನಾಥನ್. ಮದರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದರು. 1931ರಲ್ಲಿ ಐದು ಸೂತ್ರ ಬರೆದರು. ಲೈಬ್ರರಿ ಓದು ಓದುವವರಿಗೆ ಇಲ್ಲೂ ಅದನ್ನು ಕಲಿಸುತ್ತಾರಂತೆ. ಕೊನೆಗಾಲ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲೇ ಒಂದು ಸಂಶೋಧನಾ ಕೇಂದ್ರ ಶುರು ಮಾಡಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಇದನ್ನೆಲ್ಲ ನಾನು ಏಳು ಸಮುದ್ರ ದಾಟಿ ಬಂದು ಅವರ ಬಾಯಲ್ಲಿ ಕೇಳಬೇಕಾಯಿತು. ಸೂತ್ರಗಳು ಸರಳ. ಪುಸ್ತಕ ಇರುವುದು ಬಳಸುವುದಕ್ಕೆ. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನ ಹೊತ್ತು ಉಳಿಸು. ಲೈಬ್ರರಿ ಬೆಳೆಯುವ ಜೀವ. ನಮ್ಮ ಶಾಲೆಯಲ್ಲಿ ಪುಸ್ತಕ ಹರಿಯುತ್ತದೆ ಅಂತ ಬೀರುವಿಗೆ ಬೀಗ ಹಾಕಿ ಕೀ ಸೆರಗಿಗೆ ಕಟ್ಟಿಕೊಂಡಿದ್ದವಳು ನಾನೇ. ಮೊದಲನೇ ಸೂತ್ರಕ್ಕೇ ಫೇಲ್.

ಈಗ ಮುಖ್ಯ ಸುದ್ದಿ. ಮಕ್ಕಳ ವಿಭಾಗದಲ್ಲಿ ತಿಂಗಳಿಗೊಂದು ಶನಿವಾರ ಬೇರೆ ಭಾಷೆಯ ಕಥೆ ಹೇಳಿಸುತ್ತಾರೆ. ಜುಲೈನಲ್ಲಿ ಸ್ಪ್ಯಾನಿಷ್, ಈ ತಿಂಗಳು ಪೋಲಿಷ್. ಅಕ್ಟೋಬರ್ ಮೂರನೇ ಶನಿವಾರ ಕನ್ನಡ. ಹೇಳುವವಳು ನಿನ್ನ ಅಕ್ಕ. ಸೆಪ್ಟೆಂಬರ್ ಹಾಳೆಯ ಹಿಂಭಾಗದಲ್ಲಿ 'ಮುಂದೆ ಬರಲಿರುವುದು' ಅಂತ ಆಗಲೇ ಹಾಕಿದ್ದಾರೆ. ಹೆಸರಿನಲ್ಲಿ ಎರಡು ಅಕ್ಷರ ತಪ್ಪು, ಪರವಾಗಿಲ್ಲ. ಎಷ್ಟು ಜನ ಈ ಭಾಷೆ ಆಡುತ್ತಾರೆ ಅಂತ ಕೇಳಿದರು. 4 ಕೋಟಿಗೂ ಜಾಸ್ತಿ ಅಂದೆ. ಇವರಿಗೆ ಕೋಟಿ ಗೊತ್ತಿಲ್ಲ. ಸೊಸೆ ಸೊನ್ನೆ ಎಣಿಸಿ 40 ಮಿಲಿಯನ್ ಮಾಡಿಕೊಟ್ಟಳು. ಅದನ್ನು ಬರೆದುಕೊಂಡ ಹುಡುಗಿ ಪೆನ್ ನಿಲ್ಲಿಸಿ ನನ್ನ ಮುಖ ನೋಡಿದಳು.

ಅಮ್ಮ ಹೇಳುತ್ತಿದ್ದ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಬೇಕು ಅಂತಿದ್ದೇನೆ. ಕಾಗಕ್ಕನ ಸಗಣಿ ಮನೆ ಮಳೆಗೆ ಕರಗಿ, ಗುಬ್ಬಕ್ಕನ ಕಲ್ಲು ಮನೆ ಬಾಗಿಲು ಬಡಿಯುವುದು. "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ" ಅಂತ ಮಕ್ಕಳಿಂದಲೇ ಹೇಳಿಸಿ ನೆಲ ಬಡಿಸಿದರೆ ಭಾಷೆ ಬೇಕೇ ಆಗುವುದಿಲ್ಲ. ಮೊಮ್ಮಗನ ಮುಂದೆ ಹೇಳಿ ನೋಡಿದೆ. ಅಲ್ಲಿ ಸಿಕ್ಕಿಬಿದ್ದೆ. ಮೊದಲ ಸಲ ಬಡಿದಾಗ 'ಇರು, ಮಗುವಿಗೆ ನೀರು ಹಾಕ್ತಿದೀನಿ'. ಎರಡನೇ ಸಲ 'ಇರು, ಮಗುವಿಗೆ ಕಾಡಿಗೆ ಹಚ್ತಿದೀನಿ'. ಮೂರನೇ ಸಲ ಅಮ್ಮ ಏನು ಹೇಳುತ್ತಿದ್ದಳು? ತಲೆ ಕೆರೆದುಕೊಂಡರೂ ಬರುತ್ತಿಲ್ಲ. ಮತ್ತೆ ಕೊನೆಗೆ ಗುಬ್ಬಕ್ಕ ಬಾಗಿಲು ತೆಗೆಯುತ್ತಾಳೆ ಅಂತ ನನ್ನ ನೆನಪು. ಆ ಭಾಗಕ್ಕೆ ಬರುವಷ್ಟರಲ್ಲಿ ನಾನು ಯಾವಾಗಲೂ ನಿದ್ದೆ ಹೋಗಿರುತ್ತಿದ್ದೆ, ನೀನು ಎಚ್ಚರ ಇರುತ್ತಿದ್ದೆ. ತೆಗೆಯುತ್ತಾಳಾ, ಬೆಳಗಿನ ತನಕ ಹೊರಗೇ ನಿಲ್ಲಿಸುತ್ತಾಳಾ?

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅವಸರ ಮಾಡುತ್ತೀಯ. ಕೂತು, ಅಮ್ಮ ಹೇಳಿದ ಹಾಗೆಯೇ, ಒಂದು ಮಾತೂ ಬಿಡದೆ ಬರೆದು ಕಳಿಸು. ಈ ಕಾಗದ ಕೈಗೆ ಸಿಕ್ಕಿದ ವಾರದಲ್ಲೇ ಹಾಕಿದರೆ ಸರಿಯಾಗಿ ತಲುಪುತ್ತದೆ.

ನಿಮ್ಮ ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ
ಅಕ್ಕ

ತಾ.ಕ.: ಕವರ್ ಮೇಲೆ ನನ್ನೊಬ್ಬಳ ಹೆಸರು ಮಾತ್ರ ಬರಿ. 'ಶ್ರೀಮತಿ ಮತ್ತು ಶ್ರೀ' ಅಂತ ಬರೆದುಗಿರೆದೀಯ, ನಿಮ್ಮ ಭಾವ ಅದನ್ನು ಹಿಡಿದುಕೊಂಡು ನೇರ ಕೌಂಟರಿಗೆ ಹೋಗುತ್ತಾರೆ.