ಆ ಕವಿತೆ ಐರನ್ ಮೇಡನ್‌ಗಿಂತ ಮುಂಚೆನೇ ರಾಕ್‌ಗೆ ಬಂದಿತ್ತು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಇಂಗ್ಲಿಷ್ ರೊಮ್ಯಾಂಟಿಕ್ ಕವಿಗಳು ಮತ್ತೆ ರಾಕ್ ಮ್ಯೂಸಿಕ್ ಬಗ್ಗೆ ಒಂದು ಲೇಖನ ಹಾಕಿದ್ರಲ್ಲ, ಓದಿ ಖುಷಿಯಾಯ್ತು, ಕನ್ನಡ ಪೇಪರಲ್ಲಿ ಇಂಥ ವಿಷ್ಯಕ್ಕೆ ಅರ್ಧ ಪುಟ ಸಿಗೋದೇ ಅಪರೂಪ. ಆದ್ರೆ ಅದ್ರಲ್ಲಿ ಎರಡು ಮಾತು ಗಂಟಲಲ್ಲಿ ಮುಳ್ಳಿನ ಥರ ಕೂತಿದೆ, ಹೇಳ್ದೆ ಇದ್ರೆ ನಿದ್ದೆ ಬರಲ್ಲ. ಒಂದು, ಕೋಲ್‌ರಿಜ್‌ನ 'ದ ರೈಮ್ ಆಫ್ ದ ಏನ್ಷಂಟ್ ಮ್ಯಾರಿನರ್' ಕವಿತೆನ (ಆಲ್ಬಟ್ರಾಸ್ ಅನ್ನೋ ದೊಡ್ಡ ಕಡಲ ಹಕ್ಕಿನ ಕೊಂದು, ಅದನ್ನೇ ಕುತ್ತಿಗೆಗೆ ಕಟ್ಟಿಸ್ಕೊಂಡ ನಾವಿಕನ ಕತೆ) ರಾಕ್‌ಗೆ ಮೊದ್ಲು ತಂದಿದ್ದು ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್, 1984ರಲ್ಲಿ ಅಂತ ಬರ್ದಿದ್ದು. ಇನ್ನೊಂದು, ಈ ಬ್ಯಾಂಡ್‌ನೋರಿಗೆ ಕಾವ್ಯ ಅನ್ನೋದು ಬರೀ ಬಿಲ್ಡಪ್‌ಗೆ ಅಂತ.

ಮೊದ್ಲನೇದು ತಪ್ಪು. 1975ರಲ್ಲೇ ಡೇವಿಡ್ ಬೆಡ್‌ಫರ್ಡ್ ಅನ್ನೋ ಇಂಗ್ಲಿಷ್ ಕಂಪೋಸರ್ ಇದೇ ಕವಿತೆ ಮೇಲೆ, ಇದೇ ಹೆಸರಲ್ಲಿ ಒಂದು ಇಡೀ ಆಲ್ಬಮ್ ಮಾಡಿದಾನೆ, ವರ್ಜಿನ್ ರೆಕಾರ್ಡ್ಸ್‌ನಿಂದ ಬಂತು. ಗಿಟಾರ್ ಯಾರು ಅಂದ್ರೆ ಮೈಕ್ ಓಲ್ಡ್‌ಫೀಲ್ಡ್, 1973ರಲ್ಲಿ 'ಟ್ಯೂಬ್ಯುಲರ್ ಬೆಲ್ಸ್' ಆಲ್ಬಮ್ ಮಾಡಿದ ಹುಡುಗ, ಇವರಿಬ್ರೂ ಅದಕ್ಕೆ ಮುಂಚೆ ಕೆವಿನ್ ಏಯರ್ಸ್ ಬ್ಯಾಂಡಲ್ಲಿ ಜೊತೇಲಿದ್ದೋರು, ಆಗ ಓಲ್ಡ್‌ಫೀಲ್ಡ್‌ಗೆ ಇನ್ನೂ ಮೀಸೆ ಚಿಗುರೋ ವಯಸ್ಸು. ನಡುನಡುವೆ ಕತೆ ಹೇಳೋದು ರಾಬರ್ಟ್ ಪವೆಲ್, ಎರಡು ವರ್ಷ ಆದ್ಮೇಲೆ ಟಿವಿಲಿ ಏಸು ಪಾತ್ರ ಮಾಡಿ ಮನೆಮಾತಾದ್ನಲ್ಲ, ಅವ್ನೇ. ಕೋರಸ್‌ಗೆ ಬೆಡ್‌ಫರ್ಡ್ ತಾನು ಪಾಠ ಮಾಡ್ತಿದ್ದ ಲಂಡನ್ನಿನ ಸ್ಕೂಲ್ ಹುಡುಗೀರನ್ನೇ ಕರ್ಕೊಂಡು ಬಂದ. ಮೇಷ್ಟ್ರ ಕೆಲಸ ಅಂದ್ರೆ ಹಿಂಗಿರ್ಬೇಕು ನೋಡಿ.

ನಾನಿದನ್ನ ಕೇಳಿದ್ದು ಮೈಸೂರಲ್ಲಿ ಹಾಸ್ಟೆಲ್‌ನಲ್ಲಿದ್ದಾಗ, ಯಾರೋ ಸೀನಿಯರ್ ಕಾಪಿ ಹೊಡ್ಸಿಕೊಂಡು ಬಂದಿದ್ದ ಕ್ಯಾಸೆಟಲ್ಲಿ. ಕ್ಲಾಸಲ್ಲಿ ಅದೇ ಪದ್ಯ ಟೆಕ್ಸ್ಟ್ ಇತ್ತು, ಸಾರಾಂಶ ಬರೀರಿ ಅಂತ ಹತ್ತು ಮಾರ್ಕಿನ ಪ್ರಶ್ನೆ. ನಿಜ ಹೇಳ್ಬೇಕಂದ್ರೆ ಮೊದ್ಲನೇ ಸಲ ಬೋರ್ ಹೊಡೀತು, ಓಲ್ಡ್‌ಫೀಲ್ಡ್ ಗಿಟಾರ್‌ಗೆ ಕಾಯ್ತಾ ಕೂತ್ರೆ ಅದು ಬೇಗ ಬರೋದೇ ಇಲ್ಲ, ಪವೆಲ್ ದನಿ ನಾಟಕದೋರ ಥರ ಸ್ವಲ್ಪ ಜಾಸ್ತಿನೇ ಗಂಭೀರ. ಎಲ್‌ಪಿಯ ಒಂದೊಂದು ಸೈಡಿಗೆ ಒಂದೊಂದೇ ಟ್ರ್ಯಾಕು, ಮಧ್ಯದಲ್ಲಿ ಉಸಿರು ಬಿಡಕ್ಕೂ ಜಾಗ ಇಲ್ಲ. ಆದ್ರೆ ಮೂರ್ನೇ ಸಲವೋ ನಾಲ್ಕ್ನೇ ಸಲವೋ ಲೈಟ್ ಆಫ್ ಮಾಡಿ ಕೇಳಿದಾಗ ತಲೆಗೆ ಹೊಳೀತು, ಈ ಮನುಷ್ಯ ಕವಿತೆಗೆ ಟ್ಯೂನ್ ಹಾಕೇ ಇಲ್ಲ ಅಂತ. ಕವಿತೆಯ ಸಾಲುಗಳನ್ನ ಹಾಡು ಮಾಡೋ ಬದ್ಲು, ಕತೆ ಹೇಳೋನು ನಾಲ್ಕು ಮಾತು ಹೇಳಿ ಸುಮ್ನಾಗ್ತಾನೆ, ಮಿಕ್ಕಿದ್ದನ್ನ ಆರ್ಗನ್ನು, ಪಿಯಾನೋ, ತಾಳವಾದ್ಯ ನೋಡ್ಕೊಳ್ತವೆ. ಮಧ್ಯೆ ರಿಯೊ ಗ್ರ್ಯಾಂಡೆ ಅಂತ ಹಡಗಿನೋರು ಹಾಡೋ ಹಳೇ ಪದ ಬೇರೆ.

ನಮ್ಮ ಗಮಕ ಕೇಳಿದೋರಿಗೆ ಇದು ಹೊಸದೇನಲ್ಲ. ಗಮಕಿಗಳು ಕುಮಾರವ್ಯಾಸನ ಪದ್ಯ ವಾಚನ ಮಾಡ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಬಿಡಿಸಿ ಹೇಳ್ತಾರೆ, ಒಬ್ರು ನಿಲ್ಸಿದ ಕಡೆ ಇನ್ನೊಬ್ರು ಎತ್ಕೋತಾರೆ. ತಮಾಷೆ ಏನಂದ್ರೆ ಕೋಲ್‌ರಿಜ್‌ಗೂ ಈ ವ್ಯಾಖ್ಯಾನದ ಚಟ ಇತ್ತು, 1798ರಲ್ಲಿ ಪ್ರಿಂಟ್ ಆದ ಈ ಕವಿತೆಗೆ 1817ರಲ್ಲಿ ತಾನೇ ಮಾರ್ಜಿನ್‌ನಲ್ಲಿ ಗದ್ಯದ ಟಿಪ್ಪಣಿ ಸೇರಿಸ್ದ.

ಇನ್ನು ಬಿಲ್ಡಪ್ ಮಾತಿಗೆ ಬರೋಣ. ಐರನ್ ಮೇಡನ್ನೋರ ಆ ಹಾಡೇ ತಗೊಳಿ, 13 ನಿಮಿಷ 45 ಸೆಕೆಂಡು, ಬ್ಯಾಂಡ್‌ನ ಬೇಸ್ ಗಿಟಾರಿಸ್ಟ್ ಸ್ಟೀವ್ ಹ್ಯಾರಿಸ್ ಬರ್ದಿದ್ದು. ಮಧ್ಯದಲ್ಲಿ ಕುದುರೆ ಓಟದಂಥ ಆ ತಾಳ ಪೂರ್ತಿ ನಿಂತು ಹಡಗಿನ ಮರ ಕಿರ್ರ್ ಅನ್ನೋ ಸದ್ದು ಬಿಟ್ರೆ ಬೇರೆ ಹೆಚ್ಚೇನೂ ಕೇಳಲ್ಲ, ಯಾರೋ ಮೆಲ್ಲಗೆ ಕೋಲ್‌ರಿಜ್ ಸಾಲು ಓದ್ತಾರೆ. ಯಾವ ಜಾಗ ಅದು? ಇನ್ನೂರು ಜನ ನಾವಿಕರು ಒಬ್ಬೊಬ್ರಾಗಿ ಸದ್ದಿಲ್ದೆ ಬಿದ್ದು ಸಾಯೋ ಜಾಗ. ಪದ್ಯ ಓದ್ದೆ ಇರೋನಿಗೆ ಅಲ್ಲೇ ನಿಲ್ಸ್ಬೇಕು ಅಂತ ಹೆಂಗೆ ಗೊತ್ತಾಗ್ಬೇಕು ಹೇಳಿ. (2007ರಲ್ಲಿ ಅವ್ರು ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ಈ ಹಾಡು ನುಡಿಸ್ಲಿಲ್ಲ, ಆ ಸಿಟ್ಟು ನಂಗಿನ್ನೂ ಇದೆ, ಅದು ಬೇರೆ ವಿಷ್ಯ.)

ಕೆನಡಾದ ರಶ್ ಬ್ಯಾಂಡ್ ಹೆಸ್ರು ಲೇಖನದಲ್ಲಿ ಒಂದೇ ಸಾಲಲ್ಲಿ ಹೋಗ್ಬಿಡ್ತು, ಪಾಪ. 1977ರ 'ಝನಡು' ಹಾಡು ಕೋಲ್‌ರಿಜ್‌ನ 'ಕುಬ್ಲಾ ಖಾನ್' ಮೇಲೆ ನಿಂತಿರೋದು, ಹನ್ನೊಂದು ನಿಮಿಷದಲ್ಲಿ ಹೆಚ್ಚುಕಮ್ಮಿ ಐದು ನಿಮಿಷ ಮಾತೇ ಇಲ್ಲ, ಹಕ್ಕಿ ಚಿಲಿಪಿಲಿ, ಗಂಟೆ, ಸಿಂಥಸೈಸರ್, ಎಲ್ಲಾ ಸೇರಿ ಮೂರೇ ಜನ. ಕವಿತೆ 54 ಸಾಲಿಗೆ ನಿಂತೋಗಿದ್ದು, ಕನಸಲ್ಲಿ ಹೊಳೆದ ಪದ್ಯನ ಬರೀತಿದ್ದಾಗ ಯಾರೋ ಪೋರ್ಲಾಕ್ ಊರಿಂದ ಬಂದು ಅಡ್ಡಿ ಮಾಡ್ದ, ಮಿಕ್ಕಿದ್ದು ಮರೆತೋಯ್ತು ಅಂತ ಕೋಲ್‌ರಿಜ್‌ನೇ ಹೇಳ್ಕೊಂಡಿದ್ದ. ರಶ್‌ಗೆ ಹಾಡು ಬರೀತಿದ್ದ ಡ್ರಮ್ಮರ್ ನೀಲ್ ಪಿಯರ್ಟ್ ಅಲ್ಲಿಂದ ಬೇರೆ ದಾರಿ ಹಿಡೀತಾನೆ, ಕವಿತೆಲಿ ಕುಬ್ಲಾ ಖಾನ್ ಕಟ್ಟಿಸೋ ಸುಖದ ಅರಮನೆ ಹುಡುಕ್ಕೊಂಡು ಹೋದೋನಿಗೆ ಸಾವೇ ಇಲ್ದಂಗಾಗಿ, ಅಲ್ಲೇ ಸಿಕ್ಕಾಕೊಂಡು ಹುಚ್ಚು ಹಿಡಿಯೋ ಕತೆ ಮಾಡ್ತಾನೆ. ಇದನ್ನ ಬಿಲ್ಡಪ್ ಅನ್ನೋದಾದ್ರೆ ಬಿ.ಎಂ.ಶ್ರೀ 'ಇಂಗ್ಲಿಷ್ ಗೀತಗಳು' ಮಾಡಿದ್ದನ್ನ ಏನಂತೀರಿ? ಅವ್ರೂ ಇಂಗ್ಲಿಷ್ ಪದ್ಯಗಳನ್ನ ತಗೊಂಡು ನಮ್ಮ ಧಾಟಿಗೆ, ನಮ್ಮ ಬಾಯಿಗೆ ಒಗ್ಗೋ ಹಂಗೆ ಬದಲಾಯಿಸಿದೋರೇ ಅಲ್ವಾ. ಅದ್ರಿಂದ ಹುಟ್ಟಿದ ಭಾವಗೀತೆನ ನಾವು ಮೂರು ಚರಣ ಇಟ್ಕೊಂಡು ಮಿಕ್ಕಿದ್ದು ಬಿಟ್ಟು ಐದು ನಿಮಿಷಕ್ಕೆ ಹಾಡ್ತೀವಿ, ಕೇಳಕ್ಕೆ ಚೆನ್ನಾಗೇ ಇರತ್ತೆ, ನಾನೂ ಗುನುಗ್ತೀನಿ, ಆದ್ರೆ ಬಿಟ್ಟ ಪದ್ಯಗಳಿಗೆ ಯಾರು ದಿಕ್ಕು?

ಲೇಖಕರ ಮೇಲೆ ಕೋಪ ಇಲ್ಲ, ಇಂಥದ್ದು ಇನ್ನೂ ಬರೀಲಿ. ತಿದ್ದುಪಡಿ ಒಂದು ಸಾಲಾದ್ರೂ ಹಾಕಿ. ಹಂಗೇ ಲೇಖನದ ಪಕ್ಕ ಆಲ್ಬಟ್ರಾಸ್ ಅಂತ ಹಾಕಿರೋ ಫೋಟೋ ಸೀಗಲ್‌ದು, ನಮ್ಮ ಮಲ್ಪೆ ಬೀಚಲ್ಲಿ ಮೀನಿಗೆ ಕಿತ್ತಾಡೋ ಜಾತಿ, ಅದನ್ನ ಕುತ್ತಿಗೆಗೆ ಕಟ್ಕೊಂಡ್ರೆ ಯಾರಿಗೂ ಭಾರ ಆಗಲ್ಲ.

ಇಂತಿ,
ನಿಮ್ಮ ಹಳೇ ಓದುಗ, ಉಡುಪಿ