ಗಾರ್ಡ್‌ನ ಮೊದಲ ಹೆಜ್ಜೆ: ಮಗಳಿಗೊಂದು ಪತ್ರ

ಮುದ್ದಿನ ಮಗಳೇ,

ಮೊನ್ನೆ ಸೋಮವಾರ ಅಮೆರಿಕನ್ ಫುಟ್‌ಬಾಲಿನ ಜೆವಿ (ಶಾಲೆಯ ಎರಡನೇ ತಂಡದ) ಪಂದ್ಯ ಮುಗಿಸಿಕೊಂಡು ಕಾರಿನಲ್ಲಿ ಬರುವಾಗ ನೀನು ಒದ್ದೆ ಗ್ಲೌಸುಗಳನ್ನು ಮಡಿಲಲ್ಲಿಟ್ಟುಕೊಂಡು, ‘ಅಮ್ಮ, ನಾನು ತುಂಬಾ ನಿಧಾನ, ಅದಕ್ಕೇ ಅವನು ತಪ್ಪಿಸಿಕೊಂಡ’ ಎಂದು ಒಂದೇ ಒಂದು ಮಾತು ಹೇಳಿ ಸುಮ್ಮನಾದೆ. ಆಗ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಆಮೇಲೆ ಎರಡು ರಾತ್ರಿ ಆ ಆಟದ ವಿಡಿಯೊವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಮತ್ತೆ ನೋಡಿದ್ದೇನೆ. ನಿನ್ನ ಕಾಲುಗಳಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದನ್ನು ಈಗ ಖಚಿತವಾಗಿ ಹೇಳಬಲ್ಲೆ. ಮುಂದಿನ ಸೋಮವಾರ ಎದುರಾಗುವ ತಂಡವೂ ಚೆಂಡು ಯಾರ ಬಳಿ ಇದೆಯೆಂಬುದನ್ನು ಮರೆಮಾಚಿ ಓಡುವ ವಿಂಗ್-ಟಿ ಪದ್ಧತಿಯನ್ನು ಆಡುವುದರಿಂದ, ನಾನು ಕಂಡದ್ದನ್ನು ನೀನು ಬಿಡುವಾಗಿ ಓದಿಕೊಳ್ಳಲೆಂದು ಬರೆದಿಡುತ್ತಿದ್ದೇನೆ.

ಮೂರನೇ ಕ್ವಾರ್ಟರ್, ಅವರ ಎರಡನೇ ಡೌನ್ (ಚೆಂಡನ್ನು ಹತ್ತು ಯಾರ್ಡ್ ಮುಂದೊಯ್ಯಲು ಸಿಗುವ ನಾಲ್ಕು ಯತ್ನಗಳಲ್ಲಿ ಎರಡನೆಯದು), ಆರು ಯಾರ್ಡ್ ಬಾಕಿ. ನಮ್ಮ ಡಿಫೆನ್ಸಿನ ಬೆನ್ನ ಹಿಂದಿನಿಂದ ತೆಗೆದ ಚಿತ್ರದಲ್ಲಿ ಎಲ್ಲವೂ ಕಾಣುತ್ತದೆ. ಅವರ ಸಾಲಿನ ಹಿಂದೆ ನಿಂತು ಚೆಂಡು ಹೊತ್ತು ಓಡುವ ಬ್ಯಾಕ್‌ಗಳಲ್ಲಿ ಫುಲ್‌ಬ್ಯಾಕ್ ನೇರವಾಗಿ ನಡುವಿಗೆ ನುಗ್ಗುತ್ತಾನೆ, ಹಾಫ್‌ಬ್ಯಾಕ್ ಬಲಕ್ಕೆ ಓಡುತ್ತಾನೆ, ಚೆಂಡು ಹಂಚುವ ಕ್ವಾರ್ಟರ್‌ಬ್ಯಾಕ್ ನಮಗೆ ಬೆನ್ನು ಮಾಡಿ ಇಬ್ಬರಿಗೂ ಚೆಂಡು ಕೊಟ್ಟಂತೆ ಕೈ ಚಾಚುತ್ತಾನೆ. ನೀನು ಹಾಫ್‌ಬ್ಯಾಕ್‌ನ ಜೊತೆಗೆ ಬಲಕ್ಕೆ ಮೂರು ಹೆಜ್ಜೆ ಓಡಿದೆ. ಅಷ್ಟರಲ್ಲಿ ಬಲ ತುದಿಯಿಂದ ಬಂದ ವಿಂಗ್‌ಬ್ಯಾಕ್ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಎಡಕ್ಕೆ ದಾಟಿ, ನೀನು ತೆರವು ಮಾಡಿದ ಜಾಗದಿಂದಲೇ ಹೊರಬಿದ್ದು ನಲವತ್ತು ಯಾರ್ಡ್ ಓಡಿಬಿಟ್ಟ. ಆದರೆ ಚಿತ್ರವನ್ನು ನಿನ್ನ ಮೊದಲ ಹೆಜ್ಜೆಯಲ್ಲೇ ನಿಲ್ಲಿಸಿ ನೋಡು. ನಿನ್ನಿಂದ ನಾಲ್ಕೇ ಯಾರ್ಡ್ ಮುಂದೆ, ನೇರ ಎದುರಿನಲ್ಲಿರುವ ಗಾರ್ಡ್ (ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ನ ಪಕ್ಕದಲ್ಲಿ ನಿಂತು, ಓಡುವವನಿಗೆ ದಾರಿ ಬಿಡಿಸುವವನು) ಒಂದು ಕಾಲನ್ನು ಹಿಂದಕ್ಕೆ ತೆಗೆದು, ಭುಜ ತಿರುಗಿಸಿ, ಆಗಲೇ ಎಡಕ್ಕೆ ಹೊರಟಿದ್ದಾನೆ. ಚೆಂಡು ಎಲ್ಲಿಗೆ ಹೋಗಲಿದೆ ಎಂಬುದನ್ನು ಅವನು ಎಲ್ಲರಿಗಿಂತ ಮೊದಲು ನಿನಗೆ ಹೇಳಿದ್ದ. ನಿನ್ನ ಕಣ್ಣು ಅವನ ತಲೆಯ ಮೇಲಿಂದ ಹಾದು ಹಿಂದಿನವರ ಕೈಗಳ ಮೇಲೆ ನೆಟ್ಟಿತ್ತು.

ಈ ಆಟದ ಪದ್ಧತಿಯನ್ನು ಮೋಸ ಎಂದು ತಳ್ಳಿಹಾಕಬೇಡ, ಅದರ ಹಿಂದೆ ದೊಡ್ಡ ಬುದ್ಧಿಯಿದೆ. ಡೇವ್ ನೆಲ್ಸನ್ ಎಂಬ ತರಬೇತುದಾರರು 1950ರ ಸುಮಾರಿಗೆ ಮೇನ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ರೂಪ ಕೊಟ್ಟು, ಮರುವರ್ಷ ಡೆಲವೇರ್‌ಗೆ ಕೊಂಡೊಯ್ದರು. ಅಲ್ಲಿ ಅವರ ನಂತರ ಬಂದ ಟಬ್ಬಿ ರೇಮಂಡ್ 1966ರಿಂದ 2001ರವರೆಗೆ ತಂಡವನ್ನು ನಡೆಸಿ 300 ಪಂದ್ಯಗಳನ್ನು ಗೆದ್ದರು. ನಮ್ಮ ಪಕ್ಕದ ಊರಾದ ಬೆಲ್‌ವ್ಯೂನ ಕಥೆ ಇನ್ನೂ ಹತ್ತಿರದ್ದು. ಕ್ಯಾಲಿಫೋರ್ನಿಯಾದ ಡಿ ಲಾ ಸಾಲ್ ಹೈಸ್ಕೂಲ್ ಸತತವಾಗಿ 151 ಪಂದ್ಯಗಳನ್ನು ಗೆದ್ದಿದ್ದ ಕಾಲದಲ್ಲಿ, 2004ರ ಸೆಪ್ಟೆಂಬರಿನಲ್ಲಿ ಸಿಯಾಟಲ್‌ನಲ್ಲಿ ಆ ಸರಪಳಿಯನ್ನು ಕಡಿದದ್ದು ವಿಂಗ್-ಟಿ ಆಡುತ್ತಿದ್ದ ಬೆಲ್‌ವ್ಯೂ ಹೈಸ್ಕೂಲ್, ಅದೂ 39–20ರಿಂದ. ತಮಗಿಂತ ದಪ್ಪ ಮೈಯವರನ್ನು ಎದೆಗೆ ಎದೆ ಕೊಟ್ಟು ತಳ್ಳಲಾಗದ ಹುಡುಗರಿಗೆ ಇದು ಓರೆಯಿಂದ ತಡೆಯಲು ಕಲಿಸುತ್ತದೆ. ಎದುರಾಳಿಗೆ ಸಿಗುವುದೋ ಮೂರು ನಾಲ್ಕು ದಿನಗಳ ಅಭ್ಯಾಸ, ಅಷ್ಟರಲ್ಲಿ ಅಪರೂಪದ ಈ ಪದ್ಧತಿಗೆ ಕಣ್ಣು ಪಳಗುವುದಿಲ್ಲ. ಹೈಸ್ಕೂಲುಗಳಲ್ಲಿ ಇದು ಇಂದಿಗೂ ಬಾಳುತ್ತಿರುವುದು ಅದಕ್ಕೇ.

ಹಾಗಿದ್ದರೂ ಇದಕ್ಕೊಂದು ಕಟ್ಟುಪಾಡು ಇದೆ, ಅದನ್ನೇ ನೀನು ಹಿಡಿಯಬೇಕು. ಓಡುವ ಹುಡುಗರು ನಾಲ್ಕು ದಿಕ್ಕಿಗೂ ಓಡಿ ನಟಿಸಬಹುದು, ಅದಕ್ಕೆ ಖರ್ಚಿಲ್ಲ. ಆದರೆ ಚೆಂಡಿಗೆ ದಾರಿ ಬಿಡಿಸುವವನು ಚೆಂಡಿಗಿಂತ ಮುಂದಿರಬೇಕು, ಆದ್ದರಿಂದ ಗಾರ್ಡ್‌ಗಳು ಚೆಂಡು ಹೋಗುವ ಕಡೆಗೇ ಹೋಗಬೇಕು. ಹೊರಗಿನಿಂದ ಸುತ್ತಿ ಓಡುವ ಬಕ್ ಸ್ವೀಪ್ ಎಂಬ ಆಟದಲ್ಲಿ ಇಬ್ಬರು ಗಾರ್ಡ್‌ಗಳೂ ಒಂದೇ ಕಡೆಗೆ ಹೊರಗೆ ಓಡುತ್ತಾರೆ. ಟ್ರ್ಯಾಪ್‌ನಲ್ಲಿ ಒಬ್ಬನೇ ಹೊರಡುತ್ತಾನೆ; ಅದೂ ಹೊರಗೆ ಹೋಗದೆ ಸೆಂಟರ್‌ನ ಬೆನ್ನಿಗೆ ಅಂಟಿಕೊಂಡು ಗಿಡ್ಡ ಹಾದಿಯಲ್ಲಿ ನಮ್ಮ ಮುಂದಿನ ಸಾಲಿನ ಟ್ಯಾಕಲ್‌ನ ಪಕ್ಕೆಗೆ ಬಡಿಯುತ್ತಾನೆ, ಆಗ ಚೆಂಡು ಫುಲ್‌ಬ್ಯಾಕ್‌ನ ಬಳಿ ಇರುತ್ತದೆ. ವ್ಯಾಗಲ್ ಎಂಬ ಆಟ ಮೇಲುನೋಟಕ್ಕೆ ಸ್ವೀಪ್‌ನಂತೆಯೇ ಕಾಣುತ್ತದೆ, ಹಿಂದಿನವರೆಲ್ಲ ಬಲಕ್ಕೆ ಹರಿಯುತ್ತಾರೆ, ಆದರೆ ಗಾರ್ಡ್‌ಗಳು ಮಾತ್ರ ಚೆಂಡು ಬಚ್ಚಿಟ್ಟುಕೊಂಡ ಕ್ವಾರ್ಟರ್‌ಬ್ಯಾಕ್‌ನ ಜೊತೆ ಎಡಕ್ಕೆ ಹೋಗುತ್ತಾರೆ. ಹಿಂದಿನವರು ಒಂದು ಕಡೆ, ಗಾರ್ಡ್ ಇನ್ನೊಂದು ಕಡೆ ಹೋದರೆ ನೀನು ನಂಬಬೇಕಾದದ್ದು ಗಾರ್ಡ್‌ನನ್ನು.

ಗಾರ್ಡ್ ಎಂದೂ ಸುಳ್ಳಾಡುವುದಿಲ್ಲ ಎಂದು ಹೇಳಿದರೆ ನಾನು ನಿನ್ನ ದಾರಿ ತಪ್ಪಿಸಿದಂತಾಗುತ್ತದೆ. ನಮ್ಮವರು ಗಾರ್ಡ್‌ನನ್ನೇ ನೋಡುತ್ತಿದ್ದಾರೆಂದು ತಿಳಿದರೆ ಕೆಲವು ಕೋಚ್‌ಗಳು ಅವನನ್ನು ಬೇಕೆಂದೇ ತಪ್ಪು ದಿಕ್ಕಿಗೆ ಓಡಿಸುತ್ತಾರೆ. ಆದರೆ ಹಾಗೆ ಮಾಡಿದಾಗಲೆಲ್ಲ ಅವರಿಗೆ ಚೆಂಡಿನ ಮುಂದೆ ತಡೆಯುವ ಒಬ್ಬ ಕಡಿಮೆಯಾಗುತ್ತಾನೆ. ಪ್ರತಿ ಆಟದಲ್ಲೂ ಆ ನಷ್ಟವನ್ನು ಅವರು ಹೊರಲಾರರು. ಆದ್ದರಿಂದ ಮೊದಲು ಗಾರ್ಡ್, ಅವನ ಹಿಂದೆಯೇ ಅದೇ ಸಾಲಿನಲ್ಲಿ ಕಾಣುವ ಹತ್ತಿರದ ಬ್ಯಾಕ್, ಈ ಕ್ರಮದಲ್ಲಿ ಕಣ್ಣು ಹರಿಯಲಿ. ಇಬ್ಬರೂ ಒಂದೇ ಕಡೆ ಹೋದರೆ ಹಿಂಜರಿಯದೆ ಓಡು. ಇಬ್ಬರಲ್ಲಿ ಒಮ್ಮತವಿಲ್ಲದಿದ್ದರೆ ಒಂದು ಗಿಡ್ಡ ಹೆಜ್ಜೆಯಿಟ್ಟು ನಿಲ್ಲು. ಆ ಅರೆಕ್ಷಣ ನಿಂತದ್ದಕ್ಕೆ ನಾಲ್ಕು ಯಾರ್ಡ್ ಹೋದೀತು, ನಿಲ್ಲದಿದ್ದುದಕ್ಕೆ ಮೊನ್ನೆ ನಲವತ್ತು ಹೋಯಿತು.

ಸಾಗರದ ಹೈಸ್ಕೂಲಿನಲ್ಲಿ ನಾನು ಕಬಡ್ಡಿ ತಂಡದ ಎಡ ಮೂಲೆಯಲ್ಲಿ ನಿಲ್ಲುತ್ತಿದ್ದೆ. ದಾಳಿಗೆ ಬಂದವಳು ಬಲ ಮೂಲೆಯವಳ ಕಡೆಗೆ ಕಣ್ಣು ಹೊರಳಿಸಿ, ಕೈ ಬೀಸಿ, ಕೊನೆಗೆ ಕಾಲಿನಿಂದ ನನ್ನನ್ನು ಮುಟ್ಟಿ ಹೋಗುತ್ತಿದ್ದಳು. ನಮ್ಮ ಪಿಟಿ ಮೇಷ್ಟ್ರು ಒಂದು ವಾರ ನನಗೆ ಹಿಡಿಯಲು ಬಿಡಲೇ ಇಲ್ಲ. ಅವಳು ಯಾವ ಹಿಮ್ಮಡಿಯ ಮೇಲೆ ಭಾರ ಹಾಕಿದ್ದಾಳೆಂದು ಕೂಗಿ ಹೇಳುವುದಷ್ಟೇ ನನ್ನ ಕೆಲಸವಾಗಿತ್ತು. ಮೈಯ ಭಾರ ಒಂದು ಕಾಲಿಗೆ ಬಿದ್ದ ಮೇಲೆ ಅದನ್ನು ಇನ್ನೊಂದಕ್ಕೆ ಸಾಗಿಸಲು ಹೊತ್ತು ಬೇಕು. ಗಾರ್ಡ್‌ನ ನೆಲಕ್ಕೂರಿದ ಕೈಯನ್ನೂ ಹಾಗೆಯೇ ಗಮನಿಸು. ಮುಂದಕ್ಕೆ ನುಗ್ಗುವವನು ಬೆರಳ ಗೆಣ್ಣುಗಳು ಬಿಳಿಚುವಷ್ಟು ಭಾರ ಹಾಕಿರುತ್ತಾನೆ, ಪಕ್ಕಕ್ಕೆ ಓಡಲಿರುವವನ ಕೈ ಹುಲ್ಲನ್ನು ಸುಮ್ಮನೆ ಸೋಕಿರುತ್ತದೆ. ಚೆನ್ನಾಗಿ ಕಲಿತವನು ಇದನ್ನು ಮರೆಮಾಚುತ್ತಾನೆ, ಆದ್ದರಿಂದ ಇದನ್ನು ಸುಳಿವು ಎಂದಷ್ಟೇ ಇಟ್ಟುಕೊ.

ಮಂಗಳವಾರ ನಿಮ್ಮ ಕೋಚ್ ಮಾಡಿಸಿದ ಅಭ್ಯಾಸವನ್ನು ಬೇಲಿಯಾಚೆ ನಿಂತು ನೋಡಿದೆ. ಎದುರಿನ ಹುಡುಗರು ಚೆಂಡೇ ಇಲ್ಲದೆ ಆಡುತ್ತಿದ್ದರು. ನಿಮ್ಮಲ್ಲಿ ಕೆಲವರು ಬೇಸರಪಟ್ಟಿರಿ; ನನಗೆ ಅದು ಇಡೀ ವಾರದ ಅತ್ಯುತ್ತಮ ಇಪ್ಪತ್ತು ನಿಮಿಷ ಎನಿಸಿತು. ಚೆಂಡಿಲ್ಲದಿದ್ದಾಗ ಚೆಂಡನ್ನು ಹುಡುಕುವ ಆಸೆಯೂ ಇರುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಪಾಲಿನ ಮನುಷ್ಯನನ್ನೇ ನೋಡಬೇಕಾಗುತ್ತದೆ. ನಡುವಿನವರಿಗೆ ಫುಲ್‌ಬ್ಯಾಕ್, ಅವನ ಕೈಯಲ್ಲಿ ಚೆಂಡಿರಲಿ ಬಿಡಲಿ. ಹೊರಗಿನವನಿಗೆ ಸ್ವೀಪ್ ತನ್ನನ್ನು ಸುತ್ತಿ ಹೋಗದಂತೆ ಒಳಕ್ಕೆ ತಿರುಗಿಸುವ ಕೆಲಸ. ಹೈಸ್ಕೂಲಿನ ಹ್ಯಾಶ್ ಗೆರೆಗಳು (ಆಟ ಶುರುವಾಗುವಾಗ ಚೆಂಡನ್ನು ಇವುಗಳ ಮೇಲೆ ಇಲ್ಲವೇ ಇವುಗಳ ನಡುವೆ ಇಡುತ್ತಾರೆ) ಮೈದಾನವನ್ನು ಅಗಲಕ್ಕೆ ಮೂರು ಸಮಪಾಲು ಮಾಡುವುದರಿಂದ ಚೆಂಡು ಒಂದು ಬದಿಯ ಗೆರೆಯ ಮೇಲಿದ್ದಾಗ ಇನ್ನೊಂದು ಬದಿಯಲ್ಲಿ ಮೂರನೇ ಎರಡು ಭಾಗ ಬಯಲು ಬಿದ್ದಿರುತ್ತದೆ. ಅಲ್ಲಿ ಹೊರಗಿನವನು ಒಳಗೆ ಸರಿದರೆ ಹಿಂದೆ ಯಾರೂ ಇಲ್ಲ. ಆ ಕಡೆಯ ಹೊಣೆ ಅವನದೇ ಎಂದು ನಂಬಿದರೆ ಮಾತ್ರ ನೀನು ನಿನ್ನ ಗಾರ್ಡ್‌ನನ್ನು ನೆಮ್ಮದಿಯಿಂದ ನೋಡಬಲ್ಲೆ.

ಹಿಂಬದಿಯ ಎಂಡ್‌ನ (ಆಟ ಹರಿಯುವ ಕಡೆಗೆ ವಿರುದ್ಧ ತುದಿಯಲ್ಲಿ ನಿಲ್ಲುವ ನಮ್ಮವನ) ಬಗ್ಗೆ ಎರಡು ಮಾತು ಹೆಚ್ಚು ಬರೆಯಬೇಕು. ಆಟವೆಲ್ಲ ಆಚೆ ಹರಿಯುತ್ತಿರುವಾಗ ಅವನು ಓಡದೆ ಮನೆ ಕಾಯುತ್ತಾನೆ: ಕ್ವಾರ್ಟರ್‌ಬ್ಯಾಕ್ ಸುತ್ತಿ ಬಂದಾನೆ, ಕೌಂಟರ್ ಇಲ್ಲವೇ ರಿವರ್ಸ್ ಎಂಬ ಹಿಮ್ಮುಖ ಓಟ ತಿರುಗಿ ಬಂದೀತು ಎಂದು. ಹತ್ತರಲ್ಲಿ ಒಂಬತ್ತು ಸಲ ಏನೂ ಬರುವುದಿಲ್ಲ, ಅವನು ನಿಂತದ್ದನ್ನು ಯಾರೂ ಗಮನಿಸುವುದೂ ಇಲ್ಲ. ಮೊನ್ನೆ ಅವನೂ ಬೇಸತ್ತು ಆಚೆಗೆ ಓಡಿದ್ದ. ವಿಡಿಯೊದಲ್ಲಿ ಅದು ಸ್ಪಷ್ಟವಾಗಿದೆ. ಅವನನ್ನು ದೂರಲೆಂದು ಇದನ್ನು ಹೇಳುತ್ತಿಲ್ಲ, ಆ ನಲವತ್ತು ಯಾರ್ಡ್ ನಿನ್ನೊಬ್ಬಳದೇ ತಪ್ಪೆಂದು ನೀನು ಹೊತ್ತು ತಿರುಗುತ್ತಿರುವುದು ನನಗೆ ಸಹಿಸಲಾಗುತ್ತಿಲ್ಲ. ಅವನು ಸುಮ್ಮನೆ ನಿಂತ ಆಟದ ನಂತರ ನೀನೇ ಹೋಗಿ ಅವನ ಬೆನ್ನು ತಟ್ಟು.

ತಾಯಿಯಾಗಿ ಇನ್ನೊಂದು ವಿಷಯ. ಮೋಸಹೋಗಿ ತಡವಾದವರು ಕೊನೆಗೆ ತಲೆ ಬಗ್ಗಿಸಿ ಮೈಯೆಸೆಯುತ್ತಾರೆ. ನೀನೂ ಮೊನ್ನೆ ಹಾಗೆಯೇ ಮಾಡಿದೆ, ನನ್ನ ಎದೆ ಝಲ್ಲೆಂದಿತು. ಸಿಯಾಟಲ್‌ನ ವೃತ್ತಿಪರ ತಂಡವಾದ ಸೀಹಾಕ್ಸ್ 2014ರಲ್ಲಿ ಹೊರತಂದ ವಿಡಿಯೊದಲ್ಲಿ ತೋರಿಸಿದಂತೆ ತಲೆಯನ್ನು ಪಕ್ಕಕ್ಕಿಟ್ಟು, ಭುಜವನ್ನು ತೊಡೆಗೆ ಕೊಟ್ಟು, ಎರಡೂ ಕೈಗಳಿಂದ ಅಪ್ಪಿ ಕೆಡವಬೇಕಾದರೆ ಸರಿಯಾದ ಜಾಗಕ್ಕೆ ಹೊತ್ತಿಗೆ ಮುಂಚೆ ತಲುಪಿರಬೇಕು. ಗಾರ್ಡ್‌ನನ್ನು ಓದು ಎಂದು ನಾನು ಇಷ್ಟು ಹೇಳುತ್ತಿರುವುದರಲ್ಲಿ ಅರ್ಧ ಪಾಲು ಈ ಕಾರಣಕ್ಕೆ. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೂ ಸಾಕು, ಆ ದಿನ ಆಟ ಬಿಟ್ಟು ಹೊರಬರಬೇಕು, ಅದಕ್ಕೆ ತರಬೇತಿ ಪಡೆದ ಪರವಾನಗಿಯುಳ್ಳ ಆರೋಗ್ಯ ತಜ್ಞರು ಬರೆದುಕೊಡದೆ ಮರಳಿ ಇಳಿಯಬಾರದು ಎಂಬುದು 2009ರಿಂದ ನಮ್ಮ ವಾಷಿಂಗ್ಟನ್ ರಾಜ್ಯದ ಕಾನೂನು. ಏನಾದರೂ ಆದರೆ ಮರೆಮಾಚಬೇಡ.

ನಿನ್ನೆ ನೀನು ಮಲಗಿದ ಮೇಲೆ ಸೀರಿಯಲ್ ಡಬ್ಬದ ರಟ್ಟನ್ನು ಉದ್ದಕ್ಕೆ ಕತ್ತರಿಸಿ ಟಿವಿಯ ಮೇಲರ್ಧಕ್ಕೆ ಅಂಟಿಸಿದ್ದೇನೆ. ಆ ಚಿತ್ರದಲ್ಲಿ ಈಗ ಹಿಂದಿನವರು ಯಾರೂ ಕಾಣುವುದಿಲ್ಲ, ಗೆರೆಯ ಮೇಲಿನ ಏಳು ಜನ ಮಾತ್ರ ಕಾಣುತ್ತಾರೆ. ನಿನ್ನ ಅಪ್ಪ ಫುಟ್‌ಬಾಲಿನ ಗಂಧವಿಲ್ಲದವರು, ಅವರನ್ನು ಕೂರಿಸಿ ಇಪ್ಪತ್ತು ಆಟ ತೋರಿಸಿ, ಬರಿಯ ಗಾರ್ಡ್‌ಗಳನ್ನು ನೋಡಿ ದಿಕ್ಕು ಹೇಳಿ ಎಂದೆ. ಹದಿನಾರು ಸಲ ಸರಿಯಾಗಿ ಹೇಳಿದರು. ರಟ್ಟನ್ನು ತೆಗೆಯಬೇಡ. ಗುರುವಾರ ಊಟವಾದ ಮೇಲೆ ಮುಂದಿನ ತಂಡದ ಆಟಗಳನ್ನು ಹಾಕುತ್ತೇನೆ, ನೀನು ಸೋಫಾದ ಮೇಲೆ ಕೂರದೆ, ಮೈದಾನದಲ್ಲಿ ನಿಲ್ಲುವಂತೆ ಮೊಣಕಾಲು ಬಗ್ಗಿಸಿ ನಿಂತುಕೊಂಡು, ಗಾರ್ಡ್ ಹೊರಟ ಕಡೆಗೆ ಒಂದೊಂದೇ ಹೆಜ್ಜೆ ಇಡು.

ನಿನ್ನ ಪ್ರೀತಿಯ
ಅಮ್ಮ